ಬೆಂಕಿ ಒಳಗಿಟ್ಟು ಸೇದುವ ವಿದ್ಯೆ

ನಮ್ಮ ಮನೆಯಲ್ಲಿ ದೇವರ ಕೋಣೆಗೂ ನನ್ನ ಸಿಗಾರಿನ ಪೆಟ್ಟಿಗೆಗೂ ನಡುವೆ ಒಂದೇ ಗೋಡೆ. ಆ ಕಡೆ ಸಾಲಿಗ್ರಾಮ, ಈ ಕಡೆ ಹೊಗೆಸೊಪ್ಪು. ಬಳ್ಳಾರಿ ಸತ್ಯನಾರಾಯಣಪೇಟೆಯ ಹಳೆಯ ಮನೆಗಳ ಗೋಡೆ ದಪ್ಪ, ಹಾಗಾಗಿ ಇಷ್ಟು ವರ್ಷ ಹೇಗೋ ಸುಧಾರಿಸಿಕೊಂಡು ಬಂದಿದೆ. ನನ್ನ ಹೆಂಡತಿ ಪದ್ಮಾ ಮಾತ್ರ ಆ ಪೆಟ್ಟಿಗೆಯನ್ನು ಮುಟ್ಟುವವಳಲ್ಲ. ಧೂಳು ಒರೆಸುವಾಗ ಅದರ ಸುತ್ತ ಒರೆಸಿ, ಅದನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಾಳೆ. ಮೊನ್ನೆ ನಾನು ಅದರ ಮುಚ್ಚಳ ಎತ್ತಲು ಹೋದರೆ ಬರಲಿಲ್ಲ. ಸಿಗಾರು ಒಣಗಬಾರದೆಂದು ಒಳಗಿಡುವ ಸ್ಪಂಜಿಗೆ ನೀರು ಹೆಚ್ಚು ಹಾಕಿಬಿಟ್ಟಿದ್ದೆ, ಮರ ಉಬ್ಬಿ ಮುಚ್ಚಳ ಕಚ್ಚಿಕೊಂಡಿತ್ತು. ಹೀಗಾದಾಗಲೆಲ್ಲ ನಾನು ಕುರುಗೋಡಿಗೆ ಒಂದು ಫೋನ್ ಮಾಡುತ್ತಿದ್ದೆ. ಮೊನ್ನೆ ಫೋನ್ ಕೈಗೆ ತೆಗೆದುಕೊಂಡು, ಮತ್ತೆ ಕೆಳಗಿಟ್ಟೆ.

ಪೆಟ್ಟಿಗೆ ಮಾಡಿದವನು ಕುರುಗೋಡಿನ ಬಡಗಿ ಕರೀಂಸಾಬ. ಐದು ತಿಂಗಳ ಹಿಂದೆ ಅವನ ಅಂಗುಳಿಗೆ ಕ್ಯಾನ್ಸರ್ ಅಂತ ಹೇಳಿ ಬಾಯಿಯ ಮೇಲ್ಭಾಗವನ್ನು ಕತ್ತರಿಸಿ ತೆಗೆದರು. ಆ ಕ್ಯಾನ್ಸರ್ ಅವನಿಗೆ ಬಂದದ್ದು ನನ್ನಿಂದ. ಇದನ್ನು ನಾನು ಅವನ ಮುಂದೆ ಒಪ್ಪಿಕೊಂಡಿರಲಿಲ್ಲ, ಅವನ ಹೆಂಡತಿಗೆ ಹೇಳಿರಲಿಲ್ಲ, ಹೇಳಲೇಬೇಕಾಗಿದ್ದ ಡಾಕ್ಟರಿಗೂ ಹೇಳಿರಲಿಲ್ಲ. ನೀವು ಹೇಗೆ ಸಿಗಾರಿನ ರಸಿಕರಾದಿರಿ ಅಂತ ಯಾರಾದರೂ ಕೇಳಿದರೆ ನಾನು ತಮಾಷೆಯಾಗಿ ಒಂದು ಕತೆ ಹೇಳುವುದುಂಟು. ಈ ಸಲ ಅದನ್ನೇ ಪೂರ್ತಿ ಹೇಳುತ್ತೇನೆ.

ಮೊದಲ ಅಧ್ಯಾಯ ದೇಶನೂರಿನದು. ನಾನು ಮೇಷ್ಟ್ರಾಗಿ ಮೊದಲು ಹೋದದ್ದು ಸಿರುಗುಪ್ಪ ತಾಲ್ಲೂಕಿನ ಆ ಊರಿಗೆ. ಕಾಲುವೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಕಡೆಯಿಂದ ಬಂದು ಭತ್ತ ಬೆಳೆಯತೊಡಗಿದ ಜನ ಆ ಕಡೆ ಅಲ್ಲಲ್ಲಿ ಇದ್ದಾರೆ, ಅವರ ವಸತಿಗೆ ಕ್ಯಾಂಪ್ ಅಂತ ಹೆಸರು. ನನ್ನ ಬಾಡಿಗೆ ಕೋಣೆ ಅಂಥ ಒಂದು ಕ್ಯಾಂಪಿನ ಪಕ್ಕದಲ್ಲಿತ್ತು. ಕಿಟಕಿ ತೆಗೆದರೆ ಗದ್ದೆ. ಗದ್ದೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಾಟಿ ಮಾಡುವ ಸುಬ್ಬಮ್ಮ ಎಂಬ ಅರವತ್ತರ ಮುದುಕಿ. ಅವಳ ಮೂಗಿನಿಂದ ಹೊಗೆ ಬರುತ್ತಿತ್ತು, ಬಾಯಲ್ಲಿ ಮಾತ್ರ ಬೆಂಕಿ ಕಾಣುತ್ತಿರಲಿಲ್ಲ. ಹೊಗೆಸೊಪ್ಪಿನ ಎಲೆ ಸುತ್ತಿ ಮಾಡಿದ ಚುಟ್ಟದ ಉರಿಯುವ ತುದಿಯನ್ನು ಬಾಯಿಯೊಳಗೆ ಇಟ್ಟುಕೊಂಡು, ಉರಿಯದ ತುದಿಯನ್ನು ತುಟಿಯ ಹೊರಗೆ ಬಿಟ್ಟುಕೊಂಡು ಅವಳು ಹೊತ್ತಿಡೀ ಸೇದುತ್ತಿದ್ದಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತೆ.

"ಏಮಯ್ಯಾ ಪಂತುಲು, ಏನ್ ನೋಡಾಕತ್ತೀ?" ಅಂದಳು. ಅವಳ ಕನ್ನಡಕ್ಕೆ ಅರ್ಧ ತೆಲುಗು ಬೆರೆತಿರುತ್ತಿತ್ತು, ಮೇಷ್ಟ್ರನ್ನೆಲ್ಲ ಅವಳು ಪಂತುಲು ಅನ್ನುತ್ತಿದ್ದಳು. "ಎರಡೂ ಕೈಯಾಗ ಸಸಿ ಐತಿ. ಗಾಳಿಗೆ ಆರ್ತೈತಿ, ಹನಿಗೆ ಆರ್ತೈತಿ. ಬಾಯೊಳಗಾದ್ರ ಯಾರು ಆರಸ್ತಾರ?"

ಇಪ್ಪತ್ನಾಲ್ಕರ ವಯಸ್ಸು. ಮನೆಯಲ್ಲಿ ಈರುಳ್ಳಿಯನ್ನೂ ತಿನ್ನದೆ ಬೆಳೆದವನು. ಪಕ್ಕದಲ್ಲಿ ಅಮ್ಮ ಇಲ್ಲ, ಮಡಿ ಇಲ್ಲ, ಕೇಳುವವರಿಲ್ಲ. ಒಂದು ಭಾನುವಾರ ಸುಬ್ಬಮ್ಮನ ಅಂಗಳದಲ್ಲಿ ಕುಳಿತು ನಾನೂ ಆ ವಿದ್ಯೆಗೆ ಕೈಹಾಕಿದೆ. ಮೊದಲು ಎಲ್ಲರಂತೆ ಹೊತ್ತಿಸಿ ನಾಲ್ಕು ದಮ್ಮು ಎಳೆಯಬೇಕು, ಕೆಂಡ ಗಟ್ಟಿಯಾದ ಮೇಲೆ ಮೆಲ್ಲಗೆ ತಿರುಗಿಸಬೇಕು. "ನಾಲಿಕ ಕದಪಕು, ನಾಲಿಗಿ ಅಲ್ಲಾಡಸಬ್ಯಾಡ," ಅಂತ ಅವಳು ಕೂಗುವಷ್ಟರಲ್ಲಿ ನಾಲಿಗೆ ಅಲ್ಲಾಡಿ ಆಗಿತ್ತು. ಆ ವಾರ ಬಳ್ಳಾರಿಗೆ ಬಂದಾಗ ಬೊಬ್ಬೆಯೆದ್ದ ನಾಲಿಗೆಯ ಬಗ್ಗೆ ಅಮ್ಮ ಕೇಳಿದಳು. ಹೋಟೆಲಿನ ಸಾರು ಬಿಸಿ ಇತ್ತು ಅಂದೆ. ಪಾಪ, ಅವಳು ಎರಡು ದಿನ ನನ್ನ ಸಾರನ್ನು ತಾನೇ ಬಟ್ಟಲಿಗೆ ಸುರಿದು ಆರಿಸಿ ಕೊಟ್ಟಳು.

ತಿಂಗಳೊಪ್ಪತ್ತಿನಲ್ಲಿ ವಿದ್ಯೆ ಕೈವಶವಾಯಿತು, ಬಾಯಿವಶ ಅನ್ನಬೇಕೇನೋ. ಮೇಷ್ಟ್ರುಗಳ ತರಬೇತಿ ಶಿಬಿರಗಳಲ್ಲಿ ನನ್ನ ಸುತ್ತ ಗುಂಪು ಸೇರುತ್ತಿತ್ತು. ಉರಿಯುವ ಚುಟ್ಟವನ್ನು ಬಾಯೊಳಗೆ ತಿರುಗಿಸಿ, ತುಟಿ ಮುಚ್ಚಿ, ಮೂಗಿನಿಂದ ಹೊಗೆ ಬಿಟ್ಟರೆ ಚಪ್ಪಾಳೆ. ಪಾಠಕ್ಕಂತೂ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಎರಡು ವರ್ಷ ಹೀಗೆ ಮೆರೆದೆ. ಆಮೇಲೆ ಬಿಟ್ಟೆ. ಬಿಟ್ಟದ್ದು ಬುದ್ಧಿ ಬಂದು ಅಲ್ಲ. ಅಂಗುಳಿನ ಮೇಲೆ ನಾಲಿಗೆ ಆಡಿಸಿದರೆ ಒರಟು ಗೋಡೆ ಸವರಿದ ಹಾಗಾಗುತ್ತಿತ್ತು, ಅಮ್ಮನ ಹುಳಿಯ ರುಚಿ ಹತ್ತುತ್ತಿರಲಿಲ್ಲ. ಊಟದ ಚಪಲ ನನ್ನನ್ನು ಉಳಿಸಿತು. ನನ್ನ ಅಂಗುಳು ಒರಟಾಗಿತ್ತು ಎಂಬುದು ನನಗೆ ಗೊತ್ತಿತ್ತು ಅನ್ನುವುದನ್ನು ನೀವು ದಯವಿಟ್ಟು ನೆನಪಿಡಿ. ನಾನು ಅದನ್ನು ಮರೆಯಲು ಬಹಳ ಪ್ರಯತ್ನ ಮಾಡಿದ್ದೇನೆ.

ಅಲ್ಲಿಂದ ಮುಂದೆ ನಾನು ಚುಟ್ಟವನ್ನು ಎಲ್ಲರ ಹಾಗೆ, ಬೆಂಕಿ ಹೊರಗಿಟ್ಟು ಸೇದತೊಡಗಿದೆ. ಬೀಡಿ, ಸಿಗರೇಟು ಮುಟ್ಟಲಿಲ್ಲ. ಹೊಗೆ ಎದೆಗೆ ಇಳಿಸುವವರು ಸೇದುವವರು, ನಾವು ಬಾಯಲ್ಲೇ ಆಡಿಸಿ ಬಿಡುವವರು ರಸಿಕರು ಅಂತ ನನ್ನದೊಂದು ಸಿದ್ಧಾಂತ. ಏಕಾದಶಿಯ ದಿನ ಮಾತ್ರ ಮುಟ್ಟುತ್ತಿರಲಿಲ್ಲ. "ಹೊಗಿಯಿಂದ ಉಪವಾಸ ಕೆಡ್ತದೋ ಇಲ್ಲೋ ಅಂತ ಮಠಕ್ಕ ಹೋಗಿ ಕೇಳ್ಕೊಂಡ್ ಬರ್ರಿ," ಅಂತ ಪದ್ಮಾ ಚುಚ್ಚುತ್ತಿದ್ದಳು. ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ನಾನು ಕುಳಿತರೆ ಕೆಳಗಿನಿಂದ, "ನಿಮ್ಮ ಹೋಮ ಮುಗೀತೇನ್ರಿ? ಅನ್ನ ಆರಾಕತ್ತದ," ಅಂತ ಕೂಗು ಬರುತ್ತಿತ್ತು.

ಆಮೇಲೆ ಕುರುಗೋಡಿಗೆ ವರ್ಗವಾಯಿತು. ಬಳ್ಳಾರಿಯಿಂದ ದಿನಾ ಬಸ್ಸು. ನಮ್ಮ ಸ್ಕೂಲಿನ ಬೆಂಚು ರಿಪೇರಿಗೆ ಬಂದವನೇ ಕರೀಂಸಾಬ. ನನಗಿಂತ ಹತ್ತು ವರ್ಷ ಸಣ್ಣವನು, ಕೆಲಸದಲ್ಲಿ ಬಹಳ ನಾಜೂಕು, ಮಾತಿನಲ್ಲಿ ತುಂಟ. ನಲವತ್ತು ಬೆಂಚು ರಿಪೇರಿ ಮಾಡಿ, "ಮೇಷ್ಟ್ರ, ಬೆಂಚು ನಾ ಗಟ್ಟಿ ಮಾಡೀನಿ, ಕುಂದ್ರೋ ಹುಡುಗ್ರನ್ನ ನೀವು ಗಟ್ಟಿ ಮಾಡ್ರಿ," ಅಂದಿದ್ದ. ಸ್ಕೂಲು ಬಿಟ್ಟ ಮೇಲೆ ಬಸ್ಸಿನವರೆಗೆ ಅವನ ಅಂಗಡಿಯಲ್ಲಿ ಕೂರುವುದು ನನ್ನ ರೂಢಿಯಾಯಿತು. ಮರದ ಹೊಟ್ಟಿನ ವಾಸನೆ, ರಂದಾ ಹೊಡೆದಾಗ ಸುರುಳಿ ಸುರುಳಿಯಾಗಿ ಕಾಲ ಬಳಿ ಬೀಳುವ ತೆಳು ಮರದ ಹೆರೆ, ಗೋಡೆಗೆ ಒರಗಿದ ಅರ್ಧ ಮಾಡಿದ ಬಾಗಿಲು.

ಅವನಿಗೆ ಬೀಡಿಯ ಚಟ. ಒಮ್ಮೆ ಯಾರದೋ ಬೀಡಿ ಕಿಡಿ ಹೆರೆಯ ಮೇಲೆ ಬಿದ್ದು ಒಂದು ಮದುವೆಮನೆಗೆ ಮಾಡಿಟ್ಟಿದ್ದ ಬಾಗಿಲವಾಡವೇ ಸುಟ್ಟುಹೋಯಿತಂತೆ. ಅಂದಿನಿಂದ ಅಂಗಡಿಯೊಳಗೆ ಬೀಡಿ ಬಂದ್. ಹಾಗಾಗಿ ಅವನು ತಾಸಿಗೊಮ್ಮೆ ಉಳಿ ಕೆಳಗಿಟ್ಟು, ಬಿಸಿಲಲ್ಲಿ ರಸ್ತೆಗೆ ಹೋಗಿ ನಿಂತು ಸೇದಿ ಬರುತ್ತಿದ್ದ. "ಅರ್ಧ ದಿನ ಇದ್ರಾಗಾ ಹೋಗ್ತೈತ್ರಿ," ಅಂತ ಗೊಣಗುತ್ತಿದ್ದ.

"ಕರೀಂ, ನಿನಗೊಂದು ವಿದ್ಯಾ ಕಲಿಸಲೇನು?" ಅಂದೆ. "ಕಿಡಿ ಬೀಳೂದಿಲ್ಲ, ಬೂದಿ ಬೀಳೂದಿಲ್ಲ. ಎರಡೂ ಕೈಲೆ ಕೆಲಸ ಮಾಡ್ಕೋತ ಸೇದಬಹುದು."

ಕಿಸೆಯಲ್ಲಿ ಸಿರುಗುಪ್ಪದ ಸಂತೆಯ ಚುಟ್ಟ ಇತ್ತು. ಮಾಡಿ ತೋರಿಸಿದೆ. ಅವನು ಬೆರಗಾಗಿ ನನ್ನ ಮುಖ ನೋಡಿ, "ಯಲಾ ಮೇಷ್ಟ್ರ! ಬಾಯೇನು ಒಲಿ ಐತೇನ್ರಿ ನಿಮ್ದು?" ಅಂದ. ನಾನು ಕಲಿಯಲು ತಿಂಗಳು ತೆಗೆದುಕೊಂಡದ್ದನ್ನು ಅವನು ಒಂದೇ ಸಂಜೆಯಲ್ಲಿ ಕಲಿತ. ಬಡಗಿಯ ಬಾಯಿ, ಮೊಳೆ ಕಚ್ಚಿಕೊಂಡು ಕೆಲಸ ಮಾಡಿ ರೂಢಿಯಾದದ್ದು, ನಾಲಿಗೆ ಎಲ್ಲಿಡಬೇಕು ಅನ್ನುವುದು ಅದಕ್ಕೆ ಹೇಳಿಕೊಡುವುದೇ ಬೇಕಿರಲಿಲ್ಲ. ಮೂವತ್ತಾರು ವರ್ಷದ ನೌಕರಿಯಲ್ಲಿ ಅಷ್ಟು ಬೇಗ ಕಲಿತ ಇನ್ನೊಬ್ಬ ಶಿಷ್ಯ ನನಗೆ ಸಿಗಲಿಲ್ಲ. ಬಸ್ಸಿನಲ್ಲಿ ಬಳ್ಳಾರಿಯವರೆಗೂ ನಾನು ಖುಷಿಯಲ್ಲಿದ್ದೆ. ನನ್ನ ಅಂಗುಳು ಹೇಗಾಗಿತ್ತು ಅನ್ನುವುದನ್ನು ಅವನಿಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಆ ಹೊತ್ತಿನ ಚಪ್ಪಾಳೆ ಬಿಟ್ಟು ಹೇಳುತ್ತಿದ್ದೆನೋ ಇಲ್ಲವೋ.

ನಾನು ಚುಟ್ಟದಿಂದ ಸಿಗಾರಿಗೆ ಬಡ್ತಿ ಪಡೆದದ್ದು ಬಳ್ಳಾರಿಯಲ್ಲಿ ಗಣಿ ಜೋರಾಗಿದ್ದ ವರ್ಷಗಳಲ್ಲಿ. ಊರಿನ ಗಾಳಿಯೇ ಕೆಂಪಾಗಿದ್ದ ಕಾಲ. ನಾನು ಮನೆಪಾಠ ಹೇಳುತ್ತಿದ್ದ ಹುಡುಗಿಯ ತಂದೆ ಅದಿರು ಸಾಗಿಸುವ ಕಂತ್ರಾಟುದಾರ. ದೊಡ್ಡವರ ಜೊತೆ ಕೂರುವಾಗ ಕೈಯಲ್ಲಿರಲಿ ಅಂತ ಒಂದು ಪೆಟ್ಟಿಗೆ ವಿದೇಶಿ ಸಿಗಾರು ತರಿಸಿದ್ದ. ಮೊದಲನೆಯದಕ್ಕೇ ಕೆಮ್ಮಿ ಕಣ್ಣೀರು ಹಾಕಿಕೊಂಡು, ಉಳಿದದ್ದನ್ನು, "ಇದು ನಿಮ್ಮಂಥ ಓದಿದವ್ರಿಗೇ ಸರಿ ಸಾರ್," ಅಂತ ನನಗೆ ದಾಟಿಸಿದ. ತಾರಸಿಯ ಮೇಲೆ ಕುಳಿತು ಮೊದಲನೆಯದನ್ನು ಸೇದಿದ ದಿನ ನನಗೆ ನಾನೇ ಒಂದು ಮೆಟ್ಟಿಲು ಮೇಲೆ ಹೋದ ಹಾಗೆ ಅನಿಸಿತು. ಇಷ್ಟು ದಿನ ಚುಟ್ಟ ಸೇದುವ ಮೇಷ್ಟ್ರು, ಇನ್ನು ಮುಂದೆ ಸಿಗಾರಿನ ರಸಿಕ.

ಆದರೆ ಬಳ್ಳಾರಿಯ ಏಪ್ರಿಲ್ ತಿಂಗಳು ಸಿಗಾರನ್ನು ಕೇಳುತ್ತದೆಯೇ? ವಾರದೊಳಗೆ ಎಲೆ ಬಿರಿದು ಪುಡಿಯಾಗತೊಡಗಿತು. ಅಲ್ಲಿ ಇಲ್ಲಿ ಓದಿ, ದೇವದಾರು ಮರದ, ಗಾಳಿ ಆಡದ ಪೆಟ್ಟಿಗೆ ಬೇಕು ಅಂತ ತಿಳಿದುಕೊಂಡು ಕರೀಂಸಾಬನ ಹತ್ತಿರ ಹೋದೆ. ಎಲ್ಲಿಂದಲೋ ಮರ ಹುಡುಕಿ ತಂದು, ಒಂದೂ ಮೊಳೆಯಿಲ್ಲದೆ, ಹಲಗೆಗೆ ಹಲಗೆ ಕಚ್ಚಿಸಿ ಮಾಡಿಕೊಟ್ಟ. ಮುಚ್ಚಳ ಬಿಟ್ಟರೆ ತಾನಾಗಿ ಉಸ್ಸೆಂದು ಮೆಲ್ಲಗೆ ಇಳಿಯುತ್ತಿತ್ತು. ಅದನ್ನು ಮಾಡುವ ಅಷ್ಟೂ ದಿನ ಅವನ ಬಾಯಲ್ಲಿ ನಾನು ಕಲಿಸಿದ ರೀತಿಯಲ್ಲೇ ಚುಟ್ಟ ಇತ್ತು.

ನಾನು ರಿಟೈರಾದ ಮೇಲೂ ಕೆಲವು ಭಾನುವಾರ ಅವನ ಬೈಕಿನಲ್ಲಿ ಸಿರುಗುಪ್ಪದ ಹತ್ತಿರದ ಕೆಂಚನಗುಡ್ಡಕ್ಕೆ ಹೋಗಿ ಹೊಳೆದಂಡೆಯ ಬಂಡೆಯ ಮೇಲೆ ಕೂರುತ್ತಿದ್ದೆವು. ನಾನು ಸಿಗಾರು ಹಚ್ಚಿ ಉಪನ್ಯಾಸ ಶುರು ಮಾಡುತ್ತಿದ್ದೆ. ಮೊದಲು ಹಸಿ ಮಣ್ಣಿನ ವಾಸನೆ, ನಡುವೆ ಹೊಸ ಚರ್ಮದ್ದು, ಕೊನೆಗೆ ಕಾಫಿಬೀಜದ್ದು. ಒಂದು ಕೊಡಹೋದರೆ ಅವನು ಮೂಸಿ ನೋಡಿ ಹಿಂದಕ್ಕೆ ಕೊಡುತ್ತಿದ್ದ.

"ನನಗೇನೋ ಬರೇ ಹೊಗಿ ವಾಸನೀನ ಬರ್ತೈತ್ರಿ ಮೇಷ್ಟ್ರ. ಈಗೀಗ ಬಿರಿಯಾನಿದೂ ವಾಸನಿ ಹತ್ತವಲ್ದು."

ನಾನು ನಕ್ಕೆ. ಬಿರಿಯಾನಿಯ ವಿಷಯ ನನ್ನನ್ನು ಕೇಳಿ ಏನು ಪ್ರಯೋಜನ ಅಂದೆ. ಅವನೂ ನಕ್ಕ. ರುಚಿ ಹತ್ತದೆ ಇರುವುದು ಎಂದರೆ ಏನು ಅಂತ ಆ ಬಂಡೆಯ ಮೇಲೆ ಕುಳಿತಿದ್ದ ಇಬ್ಬರಲ್ಲಿ ಒಬ್ಬನಿಗೆ ಚೆನ್ನಾಗಿ ಗೊತ್ತಿತ್ತು.

ಕಳೆದ ವರ್ಷ ಅವನ ಅಂಗುಳಲ್ಲಿ ಹುಣ್ಣಾಯಿತು, ಮಾಯಲಿಲ್ಲ. ಬಳ್ಳಾರಿಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅವನ ಹೆಂಡತಿ ಖೈರುನ್‌ಬಿಯೂ ಬಂದಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನವಳು, ತೆಲುಗು ಸೀಮೆಯಲ್ಲಿ ಓದಿ ಬಂದವಳು. ಟಾರ್ಚು ಬಿಟ್ಟು ಬಾಯೊಳಗೆ ಬಹಳ ಹೊತ್ತು ನೋಡಿದಳು.

"ಬೆಂಕಿ ತುದಿ ಒಳಗೆ ಇಟ್ಕೊಂಡು ಸೇದ್ತೀರಾ?" ಅಂತ ಕೇಳಿದಳು.

ಕರೀಂಸಾಬ ತಲೆಯಾಡಿಸಿದ.

"ಅಲ್ಲಿ ಆಂಧ್ರದ ಕರಾವಳಿ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರಲ್ಲಿ ಇದನ್ನ ಬೇಕಾದಷ್ಟು ನೋಡಿದೀನಿ. ಕುರುಗೋಡಿನಲ್ಲಿ ನಿಮಗೆ ಯಾರು ಕಲಿಸಿದ್ರು?"

ಕರೀಂಸಾಬ ನನ್ನ ಕಡೆ ತಿರುಗಿ ನೋಡಿದ. ಒಂದು ಕ್ಷಣ ಅಲ್ಲ, ಸಾಕಷ್ಟು ಹೊತ್ತು ನೋಡಿದ. ನಾನು ಗೋಡೆಯ ಮೇಲಿದ್ದ ಹಲ್ಲಿನ ಚಿತ್ರ ಓದತೊಡಗಿದೆ. ದವಡೆ ಹಲ್ಲು, ಕೋರೆ ಹಲ್ಲು, ಬಾಚಿ ಹಲ್ಲು.

"ಹಿಂಗಾ, ಮಂದಿನ್ನ ನೋಡಿ ಕಲ್ತೀನ್ರಿ ಅಮ್ಮಾ," ಅಂದ.

ಆಪರೇಷನ್ ಆದ ಮರುದಿನ ಒಮ್ಮೆ ಹೋಗಿ ನೋಡಿದೆ. ಮುಖದ ತುಂಬ ಬ್ಯಾಂಡೇಜು, ಮೂಗಿನಲ್ಲಿ ನಳಿಕೆ. ಅವನು ಕೈಯೆತ್ತಿ ಸಲಾಂ ಮಾಡಿದ. ಆ ಸಂಜೆ ತಾರಸಿಯ ಮೇಲೆ ಕುಳಿತು ನಾನು ಒಂದು ಸಿಗಾರು ಸೇದಿದೆ. ರುಚಿ ಹತ್ತಿತು. ಮಣ್ಣು, ಚರ್ಮ, ಕಾಫಿಬೀಜ, ಎಲ್ಲ ಹತ್ತಿತು. ನನ್ನ ಜೀವನದಲ್ಲಿ ಅಷ್ಟು ನಾಚಿಕೆಯಾದ ಇನ್ನೊಂದು ಸಂಜೆ ನನಗೆ ನೆನಪಿಲ್ಲ. ಆ ನಾಚಿಕೆಗೆ ಮದ್ದು ಅಂತ ನಾನು ಏನು ಮಾಡಿದೆ ಗೊತ್ತೆ? ಕುರುಗೋಡಿಗೆ ಹೋಗುವುದನ್ನೇ ಬಿಟ್ಟೆ. ಇವತ್ತು ಮೊಣಕಾಲು ನೋವು, ನಾಳೆ ಶ್ರಾದ್ಧ, ನಾಡಿದ್ದು ಬಿಸಿಲು. ಹೀಗೆ ಐದು ತಿಂಗಳು.

ಮೊನ್ನೆ ಮುಚ್ಚಳ ಕಚ್ಚಿಕೊಂಡಾಗ ಪದ್ಮಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕರೀಂಸಾಬರು ಹೆಂಗದಾರ ಈಗ?"

"ಆರಾಮ ಇದಾನ."

"ನೀವು ನೋಡಿದ್ರೇನು?"

ನಾನು ಮತ್ತೆ ಮುಚ್ಚಳ ಎಳೆಯತೊಡಗಿದೆ. ಅವಳು ಒಳಗೆ ಹೋಗಿ ಹೆಸರುಬೇಳೆಯ ಪಾಯಸ ಮಾಡಿ, ನುಣ್ಣಗೆ ಅರೆದು, ಡಬ್ಬಿಗೆ ಹಾಕಿಟ್ಟಳು. "ನುಂಗಾಕ ಆಗ್ತದ ಇದು. ನಾಳಿ ಬೆಳಿಗ್ಗಿ ಬಸ್ಸಿಗೆ ಹೋಗ್ರಿ," ಅಂದಳು. ಅವಳಿಗೆ ಎಷ್ಟು ಗೊತ್ತು ಅಂತ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಖೈರುನ್‌ಬಿ ಬಾಗಿಲು ತೆಗೆದು, "ಬರ್ರಿ ಮೇಷ್ಟ್ರ," ಅಂದಳು ಅಷ್ಟೆ. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಕರೀಂಸಾಬ ಮಂಚದ ಮೇಲೆ ಕುಳಿತಿದ್ದ. ಅರ್ಧ ಆಗಿದ್ದ. ಅಂಗುಳಿನ ಜಾಗಕ್ಕೆ ಹಲ್ಲಿನ ಸೆಟ್ಟಿನಂಥ ಒಂದು ಪ್ಲೇಟು ಕೂರಿಸಿದ್ದಾರೆ. ಅದು ಇದ್ದರೆ ಮಾತು ತಿಳಿಯುತ್ತದೆ, ಆದರೂ ಎಲ್ಲ ಮೂಗಿನಲ್ಲೇ ಬರುತ್ತದೆ. ಪ್ಲೇಟು ತೆಗೆದರೆ ಕುಡಿದ ನೀರು ಮೂಗಿನಿಂದ ಇಳಿಯುತ್ತದಂತೆ. ಖೈರುನ್‌ಬಿ ಪಾಯಸದ ಡಬ್ಬಿ ಇಸಿದುಕೊಂಡು ಚಹಾ ಮಾಡಲು ಒಳಗೆ ಹೋದಳು.

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಹಾರಿಹೋಯಿತು. "ಕರೀಂ, ನಿನಗ ಇದನ್ನ ಕಲಿಸಿದಾವ ನಾನು," ಅಂದೆ.

"ನನಗ ಮರ್ತೈತಿ ಅನ್ಕಂಡೀರೇನ್ರಿ? ನಮ್ಮಪ್ಪ ಕಲಿಸಿದ್ನೇನು ಮತ್ತ?"

"ಮತ್ತ ಡಾಕ್ಟ್ರ ಮುಂದ ಯಾಕ ಹೇಳ್ಲಿಲ್ಲ?"

"ನೀವಾ ಹೇಳ್ತೀರಿ ಅನ್ಕಂಡಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಟವೆಲಿನಿಂದ ಮೂಗು ಒರೆಸಿಕೊಂಡು, ದಮ್ಮು ತೆಗೆದುಕೊಂಡು, ಮತ್ತೆ ಮಾತಾಡಿದ. "ಕಲಿಸಿದ್ರಿ, ಕಲ್ತೆ. ಅದು ಹೋಗ್ಲಿ. ನೀವು ಬರೂದು ಬಿಟ್ರಲ್ಲ, ಅದು ನನಗ ಭಾಳ ಹತ್ತೈತಿ. ಯಾಕಂದ್ರ ನನಗ ನಿಮ್ಮ ಹಂತೇಕ ಒಂದ್ ಕೆಲಸ ಐತಿ. ನಾನೂ ಕಲಿಸೀನ್ರಿ."

"ಏನು?"

"ಅದನ್ನಾ. ಅಂಗಡ್ಯಾಗ ಮೂರು ಮಂದಿಗೆ. ಈರಣ್ಣಗ, ನಾಗಪ್ಪಗ, ಹೊನ್ನೂರಗ. ಎಂಟ್ಹತ್ತು ವರ್ಷ ಆತು. ಕಿಡಿ ಬೀಳೂದಿಲ್ಲ, ಬೂದಿ ಬೀಳೂದಿಲ್ಲ ಅಂತ ನೀವು ಹೇಳಿದಂಗಾ ಹೇಳಿ ಕಲಿಸೀನಿ."

ಹೊನ್ನೂರಸಾಬ ಖೈರುನ್‌ಬಿಯ ತಮ್ಮ. ನಲವತ್ತರ ಗೃಹಸ್ಥ, ಈಗ ಅಂಗಡಿ ನಡೆಸುವವನು ಅವನೇ. ಖೈರುನ್‌ಬಿ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದಳು.

"ನನ್ನ ತಮ್ಮಗೂ?" ಅಂದಳು.

ಅವಳು ಕಪ್ಪುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬುರ್ಖಾ ಹಾಕಿಕೊಂಡು, ಚಪ್ಪಲಿ ಮೆಟ್ಟಿ ನಿಂತಳು.

"ನಾ ಹೇಳಿದ್ರ ಕೇಳವಲ್ರು," ಅಂದ ಕರೀಂಸಾಬ. "ನನ್ನ ಮಾತು ಅರ್ಧ ತಿಳಿಯಂಗಿಲ್ಲ, ತಿಳಿದದ್ದಕ್ಕ ನಗ್ತಾರ. ನಮಗೇನಾಗೈತಿ, ಗಟ್ಟಿ ಅದೀವಿ ಅಂತಾರ. ಬಾಯಿ ತೆಗೀರಿ ಅಂದ್ರ ತೆಗಿಯಂಗಿಲ್ಲ. ನೀವು ಮೇಷ್ಟ್ರು. ನೀವು ಅಂದ್ರ ತೆಗೀತಾರ."

ಮೂವರೂ ಅಂಗಡಿಗೆ ನಡೆದು ಹೋದೆವು. ದೂರವೇನಿಲ್ಲ, ಆದರೆ ಕರೀಂಸಾಬ ಎರಡು ಕಡೆ ಕೂತು ಸುಧಾರಿಸಿಕೊಂಡ. ಅಂಗಡಿಯಲ್ಲಿ ಅದೇ ಮರದ ಹೊಟ್ಟು, ಅದೇ ಹೆರೆ. ಮೂವರು ಗಂಡಸರು ಬಗ್ಗಿ ಕೆಲಸ ಮಾಡುತ್ತಿದ್ದರು, ಮೂವರ ಮೂಗಿನಿಂದಲೂ ಹೊಗೆ. ನನ್ನನ್ನು ಕಂಡ ಕೂಡಲೆ ಹೊನ್ನೂರಸಾಬ ಚುಟ್ಟ ತೆಗೆದು, ಮರ್ಯಾದೆಗೆ, ಬೆನ್ನ ಹಿಂದೆ ಹಿಡಿದುಕೊಂಡ.

"ಬಾಯಿ ತೆಗಿಯಪ್ಪ," ಅಂದೆ.

ಅವನು ಅಕ್ಕನ ಮುಖ ನೋಡಿ, ಭಾವನ ಮುಖ ನೋಡಿ, ನಾಚಿಕೊಂಡು ನಗುತ್ತ ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದ. ಮೊಬೈಲಿನ ಟಾರ್ಚು ಹಾಕಿದೆ. ಅಂಗುಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಅದರ ಮೇಲೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಎಡಗಡೆ, ಹಲ್ಲಿನ ಸಾಲಿಗೆ ಹತ್ತಿರ, ಒಂದು ಹುಣ್ಣು. ಎಷ್ಟು ದಿನದ್ದು ಅಂತ ಕೇಳಿದೆ. ಬೆರಳಲ್ಲಿ ಮೂರು ತೋರಿಸಿದ. ದಿನವಲ್ಲ, ತಿಂಗಳು.

"ಏನೈತ್ರಿ ಸಾರ್?" ಅಂತ ಬಾಯಿ ತೆರೆದಿಟ್ಟುಕೊಂಡೇ ಕೇಳಿದ.

ಕರೀಂಸಾಬ ಬಾಯೊಳಗೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಖೈರುನ್‌ಬಿಯೂ ನೋಡುತ್ತಿದ್ದಳು. ಆ ಅಂಗಡಿಯಲ್ಲಿ ಹಲ್ಲಿನ ಚಿತ್ರ ಯಾವುದೂ ಇರಲಿಲ್ಲ.

"ಐತಿ," ಅಂದೆ. "ನಿಮ್ಮ ಭಾವಗ ಆದದ್ದಾ ಐತೇನೋ ಅಂತ ಅಂಜಿಕಿ ಆಗ್ತದ. ನಾಳಿ ಬಳ್ಳಾರಿ ದವಾಖಾನಿಗೆ ಹೋಗೂಣು, ನಾನು ಬರ್ತೀನಿ. ಕಲಿಸಿದಾವ ಯಾರು ಅಂತ ಡಾಕ್ಟ್ರು ಕೇಳ್ತಾಳ. ನಾನಾ ಹೇಳ್ತೀನಿ."

ಹೊನ್ನೂರಸಾಬ ಬಾಯಿ ಮುಚ್ಚಿದ. ನಗು ಹೋಗಿತ್ತು. ಖೈರುನ್‌ಬಿ ಅವನ ಬೆನ್ನ ಹಿಂದಿನ ಕೈಯಿಂದ ಚುಟ್ಟ ಕಿತ್ತುಕೊಂಡು ರಸ್ತೆಗೆ ಎಸೆದಳು. ಕರೀಂಸಾಬ ಹಲಗೆಯ ರಾಶಿಯ ಮೇಲೆ ಕುಳಿತು ಮೂಗು ಒರೆಸಿಕೊಂಡ. ಆಮೇಲೆ ಮೂಲೆಯ ಕಡೆ ತಿರುಗಿ, ಮೂಗಿನಲ್ಲೇ, ಆದಷ್ಟು ಗಟ್ಟಿಯಾಗಿ ಕರೆದ.

"ಈರಣ್ಣಾ, ಈಗ ನೀ ಬಾರಲೇ."

ಈರಣ್ಣ ಕೈಯಲ್ಲಿದ್ದ ಉಳಿ ಕೆಳಗಿಟ್ಟು ಎದ್ದ.